ಹಳೆಯ ಟ್ರ್ಯಾಕ್ಟರಿಗೆ ತಕ್ಕ ಇಂಜಿನು ಪಟ್ಟಿಯನ್ನು ಆರಿಸುವ ಕ್ರಮ

ಮುಂಗಾರಿನ ಮಳೆ ಬಿದ್ದು ನೆಲವು ಹದಕ್ಕೆ ಬಂದಾಗ ಬೇಸಾಯಗಾರನಿಗೆ ದೊರೆಯುವ ಅವಧಿಯು ಬಹಳ ಸ್ವಲ್ಪ. ಎರೆಭೂಮಿಯಲ್ಲಂತೂ ಹದವು ಕೆಲವೇ ದಿನಗಳು ನಿಲ್ಲುವುದು. ಅದು ಮೀರಿದರೆ ನೆಲವು ಬಿಗಿದು ಹೆಂಟೆಗಳೇಳುವುವು, ಬಿತ್ತನೆಯು ಹಿಂದೆ ಬೀಳುವುದು. ಇಂತಹ ಸಮಯದಲ್ಲಿ ಟ್ರ್ಯಾಕ್ಟರು ಹೊಲದ ನಡುವೆ ನಿಂತುಹೋದರೆ ಅದರಿಂದಾಗುವ ನಷ್ಟವು ರಿಪೇರಿಯ ಖರ್ಚಿನಲ್ಲಿಯೇ ಮುಗಿಯುವುದಿಲ್ಲ. ಆ ವರ್ಷದ ಪೈರಿನವರೆಗೂ ಮುಟ್ಟುವುದು. ಹೀಗೆ ನಿಲ್ಲುವುದಕ್ಕೆ ಅನೇಕ ವೇಳೆ ಕಾರಣವಾಗುವುದು ದೊಡ್ಡ ಭಾಗದ ಮುರಿತವಲ್ಲ. ಇಂಜಿನಿನ ಮುಂಭಾಗದಲ್ಲಿ ಬೀಸಣಿಗೆಯನ್ನು ತಿರುಗಿಸುವ ರಬ್ಬರಿನ ಪಟ್ಟಿಯು ಹರಿಯುವುದು. ಜನರು ಫ್ಯಾನ್ ಬೆಲ್ಟು ಎಂದು ಕರೆಯುವುದು ಇದನ್ನೇ.

ಹೊಸ ಯಂತ್ರಗಳ ಒಡೆಯರು ತಮ್ಮ ಯಂತ್ರದ ಹೆಸರನ್ನು ಹೇಳಿ ಅಂಗಡಿಯಿಂದ ಪಟ್ಟಿಯನ್ನು ತರಬಹುದು. ಇಪ್ಪತ್ತು, ಮೂವತ್ತು ವರ್ಷ ದುಡಿದ ಯಂತ್ರಗಳ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ. ತಪ್ಪಾದ ಪಟ್ಟಿಯು ಹಾಕಿದ ದಿನ ಸರಿಯಾಗಿಯೇ ತೋರಿ, ಕೆಲಸದ ಭರದಲ್ಲಿ ಕೈಕೊಡುವುದು. ಆದುದರಿಂದ ತಕ್ಕ ಪಟ್ಟಿಯನ್ನು ಗೊತ್ತುಮಾಡುವ ಕ್ರಮವನ್ನು ಜಮೀನುದಾರರೂ ಗ್ರಾಮದ ಮುಖ್ಯಸ್ಥರೂ ಅರಿತಿರುವುದು ಅವಶ್ಯಕ. ಈ ಕ್ರಮದ ತಿರುಳು ಇಷ್ಟೇ: ಪಟ್ಟಿಯ ಅಳತೆಯನ್ನು ಸವೆದ ಪಟ್ಟಿಯಿಂದ ತೆಗೆಯಬಾರದು, ಅದು ಸುತ್ತುವ ರಾಟೆಗಳಿಂದ ತೆಗೆಯಬೇಕು, ಅದನ್ನೂ ಪಟ್ಟಿಯು ಹರಿದ ದಿನವಲ್ಲ, ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ತೆಗೆದು ಬರೆದಿಟ್ಟುಕೊಳ್ಳಬೇಕು.

ಪಟ್ಟಿಯ ಕೆಲಸ

ಇಂಜಿನಿನ ಮುಖ್ಯ ಅಚ್ಚಿನ ತುದಿಯಲ್ಲಿ ಒಂದು ರಾಟೆಯಿರುವುದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಸಾಧಾರಣವಾಗಿ ಒಂದೇ ಪಟ್ಟಿಯು ಈ ರಾಟೆಯನ್ನೂ, ಬೀಸಣಿಗೆ ಮತ್ತು ನೀರಿನ ಪಂಪಿನ ರಾಟೆಯನ್ನೂ, ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಡೈನಮೋ ಅಥವಾ ಆಲ್ಟರ್ನೇಟರಿನ ರಾಟೆಯನ್ನೂ ಸುತ್ತಿ ಬರುವುದು. ಬೀಸಣಿಗೆಯು ರೇಡಿಯೇಟರಿನ ಮೂಲಕ ಗಾಳಿಯನ್ನೆಳೆದು ನೀರನ್ನು ತಣಿಸುವುದು. ಪಂಪು ಆ ನೀರನ್ನು ಇಂಜಿನಿನ ಒಳಗೆ ಸುತ್ತಿಸುವುದು. ಪಟ್ಟಿಯು ಹರಿದರೆ ಈ ಮೂರು ಕೆಲಸಗಳೂ ಒಟ್ಟಿಗೆ ನಿಲ್ಲುವುವು. ಆಗ ಬ್ಯಾಟರಿ ತುಂಬುತ್ತಿಲ್ಲವೆಂದು ತಿಳಿಸುವ ಕೆಂಪು ದೀಪವು ಹತ್ತುವುದು. ಸ್ವಲ್ಪ ಹೊತ್ತಿನಲ್ಲಿಯೇ ಶಾಖ ತೋರಿಸುವ ಮುಳ್ಳು ಮೇಲಕ್ಕೇರುವುದು. ಹಳೆಯ ಯಂತ್ರಗಳಲ್ಲಿ ಈ ದೀಪವೂ ಮುಳ್ಳೂ ಕೆಟ್ಟಿರುವುದು ಸಾಮಾನ್ಯ. ಹಾಗಿದ್ದಲ್ಲಿ ಚಾಲಕನಿಗೆ ಸುದ್ದಿ ತಿಳಿಯುವುದು ರೇಡಿಯೇಟರಿನಿಂದ ಹಬೆ ಎದ್ದಾಗಲೇ. ಅಷ್ಟರಲ್ಲಿ ಸಿಲಿಂಡರಿನ ಮೇಲ್ಮುಚ್ಚಳವು ಸೊಟ್ಟಗಾಗಿ, ಅದರ ಕೆಳಗಿನ ಗ್ಯಾಸ್ಕೆಟ್ಟು ಸುಟ್ಟಿರಬಹುದು. ಪಟ್ಟಿಯ ಬೆಲೆಯು ಸಾಧಾರಣವಾಗಿ ಕೆಲವು ನೂರು ರೂಪಾಯಿಗಳೊಳಗೇ ಇರುವುದು. ಈ ರಿಪೇರಿಯು ಅದರ ಅನೇಕ ಪಟ್ಟು ಹಣವನ್ನೂ, ಅದಕ್ಕಿಂತ ಅಮೂಲ್ಯವಾದ ದಿನಗಳನ್ನೂ ನುಂಗುವುದು. ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಇಂಜಿನಿನಲ್ಲಿ ಬೀಸಣಿಗೆಯು ಪಟ್ಟಿಯಿಂದ ತಿರುಗುತ್ತಿದ್ದರೆ ಅಪಾಯವು ಇನ್ನೂ ಬೇಗ ಒದಗುವುದು.

ಪಟ್ಟಿಯ ಹಿಡಿತವು ಎಲ್ಲಿದೆ

ಹಿಂದಿನ ಕಾಲದ ಇಂಜಿನುಗಳಲ್ಲಿ ತೊಗಲಿನ ಇಲ್ಲವೆ ಬಟ್ಟೆಯ ಚಪ್ಪಟೆ ಪಟ್ಟಿಗಳಿದ್ದುವು. ಅಕ್ಕಿಯ ಗಿರಣಿಗಳಲ್ಲಿಯೂ ಕಬ್ಬಿನ ಗಾಣಗಳಲ್ಲಿಯೂ ಅಂತಹವುಗಳನ್ನು ಹಿರಿಯರು ಕಂಡಿರುವರು. ೧೯೧೭ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಜಾನ್ ಗೇಟ್ಸ್ ಎಂಬವರು ರಬ್ಬರು ಮತ್ತು ಹುರಿಗಳಿಂದ ಬೆಣೆಯಾಕಾರದ ಪಟ್ಟಿಯನ್ನು ನಿರ್ಮಿಸಿದರು. ಮುಂದೆ ಮೋಟಾರು ವಾಹನಗಳಲ್ಲಿ ಈ ಮಾದರಿಯೇ ನೆಲೆನಿಂತಿತು. ಇದರ ಮೇಲ್ಭಾಗವು ಅಗಲವಾಗಿಯೂ ಕೆಳಭಾಗವು ಕಿರಿದಾಗಿಯೂ ಇರುವುದು. ಎರಡು ಪಕ್ಕಗಳ ನಡುವಣ ಕೋನವು ಸುಮಾರು ೪೦ ಡಿಗ್ರಿ. ಒಳಗೆ ಎಳೆತವನ್ನು ತಾಳುವ ಹುರಿಗಳಿರುವುವು. ಮೊದಲಲ್ಲಿ ಹತ್ತಿಯದಾಗಿದ್ದ ಈ ಹುರಿಗಳು ಈಗ ಹೆಚ್ಚಾಗಿ ಪಾಲಿಯೆಸ್ಟರಿನವು.

ಈ ಆಕಾರದ ಮರ್ಮವನ್ನು ತಿಳಿದವನಿಗೆ ಮುಂದಿನದೆಲ್ಲವೂ ತಾನಾಗಿ ತಿಳಿಯುವುದು. ಮರವನ್ನು ಸೀಳುವಾಗ ಬೆಣೆಯು ತನ್ನ ಎರಡು ಪಕ್ಕಗಳಿಂದ ಒತ್ತುವಂತೆಯೇ, ಈ ಪಟ್ಟಿಯೂ ರಾಟೆಯ ತೋಡಿನ ಎರಡು ಗೋಡೆಗಳನ್ನು ಒತ್ತಿ ಹಿಡಿಯುವುದು. ಹೀಗೆ ಒತ್ತುವುದರಿಂದ ಅದರ ಹಿಡಿತವು ಅಷ್ಟೇ ಬಿಗಿಯ ಚಪ್ಪಟೆ ಪಟ್ಟಿಯ ಹಿಡಿತದ ಸುಮಾರು ಮೂರರಷ್ಟಾಗುವುದು. ಆದರೆ ಇದಕ್ಕೆ ಒಂದು ನಿಬಂಧನೆಯುಂಟು: ಪಟ್ಟಿಯ ಕೆಳಭಾಗವು ತೋಡಿನ ತಳವನ್ನು ಮುಟ್ಟಕೂಡದು. ಮುಟ್ಟಿದ ಕೂಡಲೆ ಬೆಣೆಯ ಗುಣವು ಹೋಗಿ, ಅದು ಕೇವಲ ಚಪ್ಪಟೆ ಪಟ್ಟಿಯಾಗಿ ಜಾರತೊಡಗುವುದು. ಜಾರುವ ಪಟ್ಟಿಯು ಕಾಯುವುದು; ಕಾದುದು ಗಡುಸಾಗಿ ಹೊಳಪೇರುವುದು; ಹೊಳಪೇರಿದುದು ಮತ್ತಷ್ಟು ಜಾರುವುದು. ತೋಡಿನ ತಳವು ಕನ್ನಡಿಯಂತೆ ಹೊಳೆಯುತ್ತಿದ್ದರೆ ಪಟ್ಟಿಯು ತಳವನ್ನು ಮುಟ್ಟಿ ಓಡಿತ್ತೆಂದು ನಿಸ್ಸಂದೇಹವಾಗಿ ಹೇಳಬಹುದು.

ಹಳೆಯ ಯಂತ್ರಗಳ ವಿಶೇಷ ತೊಡಕು

ಮೊದಲನೆಯದಾಗಿ, ಅನೇಕ ಹಳೆಯ ಯಂತ್ರಗಳನ್ನು ಮಾಡುತ್ತಿದ್ದ ಕಾರ್ಖಾನೆಗಳು ಈಗ ಆ ಕೆಲಸವನ್ನು ನಿಲ್ಲಿಸಿರುವುವು. ೧೯೭೧ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯದ ಝೆಟರ್ ಮಾದರಿಯನ್ನು ಅನುಸರಿಸಿ ಎಚ್.ಎಂ.ಟಿ. ಟ್ರ್ಯಾಕ್ಟರುಗಳ ತಯಾರಿಕೆಯು ಆರಂಭವಾಯಿತು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆಯ ಹೆಸರಾದುದರಿಂದ ನಮ್ಮ ನಾಡಿನ ರೈತರಿಗೆ ಅದು ಪರಿಚಿತ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಆ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆಯು ಮುಚ್ಚಿದರೂ ಯಂತ್ರಗಳು ಹೊಲಗಳಲ್ಲಿ ಉಳಿಯುವುವು. ಇಂತಹ ಯಂತ್ರದ ಪಟ್ಟಿಗೆ ಹಳೆಯ ಪುಸ್ತಕದ ಭಾಗ ಸಂಖ್ಯೆಯನ್ನು ಹೇಳಿದರೆ ಅಂಗಡಿಯವನಿಗೆ ಅದು ತಿಳಿಯದೆ ಹೋಗಬಹುದು. ಅಳತೆಯನ್ನು ಹೇಳಿದರೆ ಮಾತ್ರ ತಿಳಿಯುವುದು. ಏಕೆಂದರೆ ಪಟ್ಟಿಗಳ ಅಳತೆಗಳು ಯಾವ ಒಂದು ಕಾರ್ಖಾನೆಯ ಸ್ವತ್ತೂ ಅಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಹಳೆಯ ಟ್ರ್ಯಾಕ್ಟರು ಹಲವು ಕೈಗಳನ್ನು ದಾಟಿ ಬಂದಿರುವುದು. ಯಾವನೋ ಒಬ್ಬ ಒಡೆಯನ ಕಾಲದಲ್ಲಿ ಡೈನಮೋ ಕೆಟ್ಟು, ಅದರ ಸ್ಥಳದಲ್ಲಿ ಆಲ್ಟರ್ನೇಟರು ಬಂದಿರಬಹುದು. ಆಲ್ಟರ್ನೇಟರಿನ ರಾಟೆಯು ಸಾಧಾರಣವಾಗಿ ಚಿಕ್ಕದು. ಅದನ್ನು ಕೂರಿಸಿದ ಸ್ಥಳವೂ ಬೇರೆ. ನೀರಿನ ಪಂಪನ್ನು ಬದಲಾಯಿಸಿದಾಗ ಅದರ ರಾಟೆಯೂ ಬದಲಾಗಿರಬಹುದು. ಹೀಗಾದಲ್ಲಿ ಕಾರ್ಖಾನೆಯ ಪುಸ್ತಕವು ಕೈಯಲ್ಲಿದ್ದರೂ ಅದರಲ್ಲಿ ಬರೆದಿರುವ ಉದ್ದವು ಈ ಯಂತ್ರಕ್ಕೆ ಹೊಂದದು.

ಮೂರನೆಯದಾಗಿ, ಹರಿದ ಪಟ್ಟಿಯನ್ನೇ ಮಾದರಿಯಾಗಿ ಕೊಂಡೊಯ್ಯುವ ರೂಢಿಯುಂಟು. ಇದು ಪೂರ್ತಿ ವ್ಯರ್ಥವಲ್ಲ, ಅದರ ಮೇಲಿನ ಗುರುತು ಉಳಿದಿದ್ದರೆ ಉಪಯೋಗವಾಗುವುದು. ಆದರೆ ಬಹುಕಾಲ ಓಡಿದ ಪಟ್ಟಿಯು ಉದ್ದದಲ್ಲಿ ಹಿಗ್ಗಿರುವುದು, ಅಗಲದಲ್ಲಿ ಸವೆದಿರುವುದು. ಅಲ್ಲದೆ ಹಿಂದಿನವನು ಹಾಕಿದ ಪಟ್ಟಿಯೇ ತಪ್ಪಾಗಿದ್ದಿರಬಹುದು. ಒಬ್ಬ ಜಮೀನುದಾರನ ಯಂತ್ರಕ್ಕೆ ೧೩ ಮಿಲಿಮೀಟರು ಅಗಲದ ಪಟ್ಟಿ ಬೇಕಾಗಿದ್ದು, ಹಿಂದೊಮ್ಮೆ ಆತುರದಲ್ಲಿ ೧೦ ಮಿಲಿಮೀಟರಿನದನ್ನು ಹಾಕಿದ್ದರೆನ್ನೋಣ. ಅದು ಹರಿದಾಗ ಅವನು ಅದನ್ನೇ ತೋರಿಸಿ ಅಂತಹುದನ್ನೇ ತರುವನು. ವರ್ಷಕ್ಕೆ ಎರಡು ಮೂರು ಪಟ್ಟಿಗಳು ಹರಿದರೂ ಅವನು ಪಟ್ಟಿಯ ತಯಾರಕರನ್ನೇ ದೂಷಿಸುವನು. ತಪ್ಪು ಮಾದರಿಯಲ್ಲಿಯೇ ಇರುವುದೆಂದು ಅವನಿಗೆ ತೋರದು.

ಅಗಲವನ್ನು ಗೊತ್ತುಮಾಡುವುದು

ಇಂಜಿನನ್ನು ನಿಲ್ಲಿಸಿ, ಅದು ತಣಿದ ಮೇಲೆ ರಾಟೆಯ ತೋಡನ್ನು ಬಟ್ಟೆಯಿಂದ ಒರಸಿ, ತೋಡಿನ ಬಾಯಿಯ ಅಗಲವನ್ನು ಕ್ಯಾಲಿಪರಿನಿಂದಾಗಲಿ ಉಕ್ಕಿನ ಅಳತೆಗೋಲಿನಿಂದಾಗಲಿ ಅಳೆಯತಕ್ಕದ್ದು. ಸರಿಯಾದ ಪಟ್ಟಿಯ ಮೇಲ್ಭಾಗದ ಅಗಲವು ಸುಮಾರಾಗಿ ಇಷ್ಟೇ ಇರುವುದು. ಹೊಸ ಪಟ್ಟಿಯು ತೋಡಿನಲ್ಲಿ ಕುಳಿತಾಗ ಅದರ ಬೆನ್ನು ರಾಟೆಯ ಅಂಚಿಗೆ ಸಮನಾಗಿ ಅಥವಾ ಎಳ್ಳಷ್ಟು ಮೇಲೆ ನಿಲ್ಲಬೇಕು; ಕೆಳಗೆ ತಳಕ್ಕೂ ಪಟ್ಟಿಗೂ ನಡುವೆ ತೆರಪಿರಬೇಕು.

ಅಗಲದಲ್ಲಾಗುವ ಸ್ವಲ್ಪ ತಪ್ಪೂ ಆಳದಲ್ಲಿ ದೊಡ್ಡದಾಗುವುದು. ಪಟ್ಟಿಯ ಪಕ್ಕಗಳು ೪೦ ಡಿಗ್ರಿಯ ಬೆಣೆಯಾಗಿರುವುದರಿಂದ, ಅಗಲವು ೧ ಮಿಲಿಮೀಟರು ಕಡಮೆಯಾದರೆ ಪಟ್ಟಿಯು ಸುಮಾರು ೧.೪ ಮಿಲಿಮೀಟರು ಕೆಳಕ್ಕಿಳಿಯುವುದು. ೧೩ರ ತೋಡಿನಲ್ಲಿ ೧೦ರ ಪಟ್ಟಿಯನ್ನು ಹಾಕಿದರೆ ಅದು ೪ ಮಿಲಿಮೀಟರಿಗೂ ಹೆಚ್ಚಾಗಿ ಇಳಿಯುವುದು. ತಳವನ್ನು ಮುಟ್ಟುವ ಸಂಭವವು ಹೆಚ್ಚು. ಇದಕ್ಕೆ ವಿರೋಧವಾಗಿ ೧೩ರ ತೋಡಿನಲ್ಲಿ ೧೭ರ ಪಟ್ಟಿಯನ್ನು ಹಾಕಿದರೆ ಅದರ ದಪ್ಪದ ಅರ್ಧ ಭಾಗವು ಅಂಚಿನ ಮೇಲೆಯೇ ನಿಂತು, ಕೆಳಗಿನ ಅಂಚುಗಳು ಮಾತ್ರ ಹಿಡಿದುಕೊಂಡು ಬೇಗನೆ ಹರಿಯುವುವು.

ಬೆಣೆ ಪಟ್ಟಿಗಳಲ್ಲಿ ಎರಡು ಕುಲಗಳಿರುವುವೆಂಬುದನ್ನೂ ತಿಳಿದಿರಬೇಕು. ಗಿರಣಿ, ಪಂಪು, ಒಕ್ಕಣೆಯ ಯಂತ್ರ ಮೊದಲಾದುವುಗಳಿಗೆಂದು ಮಾಡಿದ ಪಟ್ಟಿಗಳು ಒಂದು ಕುಲ. ಇವುಗಳಲ್ಲಿ ಜ಼ಡ್ ವರ್ಗದ್ದು ೧೦ ಮಿಲಿಮೀಟರು ಅಗಲ, ೬ ಮಿಲಿಮೀಟರು ದಪ್ಪ. ಎ ವರ್ಗದ್ದು ೧೩ ಅಗಲ, ೮ ದಪ್ಪ. ಬಿ ವರ್ಗದ್ದು ೧೭ ಅಗಲ, ೧೧ ದಪ್ಪ. ಸಿ ವರ್ಗದ್ದು ೨೨ ಅಗಲ, ೧೪ ದಪ್ಪ. ವಾಹನಗಳ ಇಂಜಿನಿಗೆಂದೇ ಮಾಡಿದ ಪಟ್ಟಿಗಳು ಇನ್ನೊಂದು ಕುಲ. ಇವುಗಳಿಗೆ ಎ.ವಿ. ೧೦, ಎ.ವಿ. ೧೩ ಎಂಬ ಗುರುತುಗಳಿರುವುವು. ಎ.ವಿ. ೧೦ರ ದಪ್ಪವು ೮ ಮಿಲಿಮೀಟರು. ಅದೇ ಅಗಲದ ಜ಼ಡ್ ಪಟ್ಟಿಯದು ೬ ಮಾತ್ರ. ಅಂದರೆ ಅಗಲವು ಒಂದೇ ಆದರೂ ಪಕ್ಕಗಳ ಹಿಡಿತದ ವಿಸ್ತಾರವು ಬೇರೆ. ವಾಹನದ ಪಟ್ಟಿಗಳು ಇಂಜಿನಿನ ಶಾಖವನ್ನೂ ಚಿಕ್ಕ ರಾಟೆಗಳ ಮೇಲಿನ ಬಾಗುವಿಕೆಯನ್ನೂ ತಾಳುವಂತೆ ಮಾಡಲ್ಪಟ್ಟಿರುವುವು. ಆದುದರಿಂದ ಗಿರಣಿಯ ಪಟ್ಟಿಯು ಅಳತೆಗೆ ಹೊಂದಿದರೂ ಟ್ರ್ಯಾಕ್ಟರಿನ ಬೀಸಣಿಗೆಗೆ ಅದು ಮನೆಗೆ ತಲುಪುವವರೆಗಿನ ಉಪಾಯವೇ ಹೊರತು ಶಾಶ್ವತವಾದುದಲ್ಲ.

ಕೆಳಭಾಗದಲ್ಲಿ ಹಲ್ಲುಗಳಂತೆ ಕಚ್ಚುಗಳಿರುವ ಪಟ್ಟಿಗಳೂ ದೊರೆಯುವುವು. ಇವು ಚಿಕ್ಕ ರಾಟೆಗಳ ಮೇಲೆ ಸುಲಭವಾಗಿ ಬಾಗಿ ತಂಪಾಗಿ ಓಡುವುವು. ವರ್ಗವೂ ಉದ್ದವೂ ಒಂದೇ ಆಗಿದ್ದರೆ ಸಾದಾ ಪಟ್ಟಿಯ ಸ್ಥಳದಲ್ಲಿ ಇವನ್ನು ಹಾಕಬಹುದು. ಉದ್ದಕ್ಕೆ ಸಾಲುಸಾಲಾಗಿ ಗೆರೆಗಳುಳ್ಳ ಚಪ್ಪಟೆ ಪಟ್ಟಿಯು ಮಾತ್ರ ಬೇರೆಯೇ ಜಾತಿ. ಅದಕ್ಕೆ ಪಿ.ಕೆ. ಎಂಬ ಗುರುತಿರುವುದು; ೬ ಪಿ.ಕೆ. ೧೧೯೫ ಎಂದಿದ್ದರೆ ಆರು ಗೆರೆಗಳು, ೧೧೯೫ ಮಿಲಿಮೀಟರು ಉದ್ದ ಎಂದರ್ಥ. ಇದು ತನಗೆ ತಕ್ಕ ಗೆರೆಗಳುಳ್ಳ ರಾಟೆಯ ಮೇಲೆ ಮಾತ್ರ ಓಡುವುದು.

ಉದ್ದವನ್ನು ಗೊತ್ತುಮಾಡುವುದು

ಹೆಚ್ಚಿನ ತಪ್ಪುಗಳು ಆಗುವುದು ಉದ್ದದ ವಿಷಯದಲ್ಲಿ. ಸಣ್ಣ ದಾರವನ್ನು ರಾಟೆಗಳಿಗೆ ಸುತ್ತಿ ಅಳೆದರೆ ದಾರವು ತೋಡಿನ ತಳಕ್ಕಿಳಿದು ಅಳತೆಯು ಕಡಮೆಯಾಗಿ ಬರುವುದು. ಇದಕ್ಕೆ ಸುಲಭವಾದ ಉಪಾಯವೆಂದರೆ, ತೋಡಿನ ಬಾಯಿಗಿಂತ ಅಗಲವಾದ, ಎಳೆದರೆ ಹಿಗ್ಗದ ಪಟ್ಟಿಯೊಂದನ್ನು ಉಪಯೋಗಿಸುವುದು. ತೋಡಿಗಿಂತ ಅಗಲವಾದ ದರ್ಜಿಯ ಅಳತೆಪಟ್ಟಿಯಾಗಲಿ, ಅಂಗುಲ ಅಗಲದ ನವಾರಾಗಲಿ ಇದಕ್ಕೆ ಸಾಕು. ಅದು ತೋಡಿನೊಳಕ್ಕೆ ಬೀಳದೆ ರಾಟೆಗಳ ಅಂಚಿನ ಮೇಲೆಯೇ ನಿಲ್ಲುವುದು. ಪಟ್ಟಿಯು ಹೋಗತಕ್ಕ ದಾರಿಯಲ್ಲಿಯೇ ಅದನ್ನು ಎಲ್ಲಾ ರಾಟೆಗಳಿಗೂ ಸುತ್ತಿ, ಬಿಗಿಯಾಗಿ ಹಿಡಿದು ಓದಿದರೆ ಬರುವ ಸಂಖ್ಯೆಯೇ ಪಟ್ಟಿಯ ಹೊರಸುತ್ತಳತೆ.

ಈ ಅಳತೆಯನ್ನು ಎರಡು ಸಲ ತೆಗೆಯಬೇಕು. ಡೈನಮೋವನ್ನು ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಇಂಜಿನಿನ ಕಡೆಗೆ ಪೂರ್ತಿ ತಳ್ಳಿ ಒಂದು ಸಲ. ಹೊರಕ್ಕೆ ಪೂರ್ತಿ ಎಳೆದು ಇನ್ನೊಂದು ಸಲ. ಮೊದಲನೆಯ ಅಳತೆಯು ೧೦೦೦ ಮಿಲಿಮೀಟರು, ಎರಡನೆಯದು ೧೦೪೫ ಬಂದಿತೆಂದು ಇಟ್ಟುಕೊಳ್ಳೋಣ. ತಕ್ಕ ಪಟ್ಟಿಯು ಇವೆರಡರ ನಡುವೆ, ಚಿಕ್ಕದರ ಕಡೆಗೆ ಹತ್ತಿರವಾಗಿ, ಸುಮಾರು ೧೦೧೦ರಿಂದ ೧೦೧೫ರವರೆಗೆ ಇರಬೇಕು. ೧೦೦೦ಕ್ಕೆ ಸರಿಯಾಗಿದ್ದರೆ ಅದನ್ನು ರಾಟೆಯ ಅಂಚನ್ನು ದಾಟಿಸಿ ಹಾಕಲಾಗದು. ೧೦೪೦ ಇದ್ದರೆ ಪಟ್ಟಿಯು ಹಿಗ್ಗಿದಾಗ ಬಿಗಿಮಾಡಲು ಸ್ಥಳವುಳಿಯದು.

ಎರಡೇ ರಾಟೆಗಳಿರುವ ಪಂಪು, ಒಕ್ಕಣೆ ಯಂತ್ರ ಮೊದಲಾದುವುಗಳಲ್ಲಿ ಲೆಕ್ಕದಿಂದಲೂ ಉದ್ದವನ್ನು ತಿಳಿಯಬಹುದು. ಎರಡು ರಾಟೆಗಳ ವ್ಯಾಸಗಳನ್ನು ಕೂಡಿಸಿ ೧.೫೭ರಿಂದ ಗುಣಿಸಬೇಕು. ಅದಕ್ಕೆ ಎರಡು ಅಚ್ಚುಗಳ ನಡುವಣ ದೂರದ ಎರಡರಷ್ಟನ್ನು ಸೇರಿಸಬೇಕು. ಕೊನೆಗೆ ವ್ಯಾಸಗಳ ಅಂತರವನ್ನು ಅದರಿಂದಲೇ ಗುಣಿಸಿ, ದೂರದ ನಾಲ್ಕರಷ್ಟರಿಂದ ಭಾಗಿಸಿ, ಬಂದುದನ್ನೂ ಸೇರಿಸಬೇಕು. ದೊಡ್ಡ ರಾಟೆ ೧೬೦, ಚಿಕ್ಕದು ೮೦, ದೂರ ೩೦೦ ಮಿಲಿಮೀಟರು ಇದ್ದರೆ, ೩೭೭ನ್ನೂ ೬೦೦ನ್ನೂ ೫ನ್ನೂ ಕೂಡಿಸಿ ೯೮೨ ಮಿಲಿಮೀಟರು ಎಂದಾಗುವುದು.

ಪಟ್ಟಿಯ ಮೇಲಿನ ಗುರುತನ್ನು ಓದುವುದು

ಅಳತೆಯು ಸರಿಯಾಗಿದ್ದರೂ ಗುರುತನ್ನು ತಪ್ಪಾಗಿ ಓದಿದರೆ ಶ್ರಮವೆಲ್ಲವೂ ವ್ಯರ್ಥ. ಎ, ಬಿ, ಸಿ ವರ್ಗದ ಪಟ್ಟಿಗಳ ಮೇಲೆ ರೂಢಿಯಾಗಿ ಬರೆಯುವ ಸಂಖ್ಯೆಯು ಅಂಗುಲಗಳಲ್ಲಿ ಒಳಸುತ್ತಳತೆ. ವಾಹನದ ಪಟ್ಟಿಗಳ ಮೇಲೆ ಬರೆಯುವುದು ಮಿಲಿಮೀಟರುಗಳಲ್ಲಿ ಹೊರಸುತ್ತಳತೆ. ಸಂಖ್ಯೆಯ ಮುಂದೆ ಎಲ್.ಎ. ಎಂಬ ಅಕ್ಷರಗಳಿದ್ದರೆ ಇದನ್ನೇ ಸೂಚಿಸುವುವು. ಒಳಗಿನದಕ್ಕೂ ಹೊರಗಿನದಕ್ಕೂ ಇರುವ ಅಂತರವು ಪಟ್ಟಿಯ ದಪ್ಪದ ಸುಮಾರು ಆರೂಕಾಲರಷ್ಟು. ಆದುದರಿಂದ ೮ ಮಿಲಿಮೀಟರು ದಪ್ಪದ ಎ ಪಟ್ಟಿಯಲ್ಲಿ ಅದು ೫೦ ಮಿಲಿಮೀಟರು, ಅಂದರೆ ಎರಡಂಗುಲ. ೧೧ ಮಿಲಿಮೀಟರು ದಪ್ಪದ ಬಿ ಪಟ್ಟಿಯಲ್ಲಿ ೬೯ ಮಿಲಿಮೀಟರು, ಅಂದರೆ ಹತ್ತಿರ ಹತ್ತಿರ ಮೂರಂಗುಲ.

ಉದಾಹರಣೆಗೆ ಎ ೩೮ ಎಂಬ ಪಟ್ಟಿಯ ಒಳಸುತ್ತಳತೆ ೩೮ ಅಂಗುಲ, ಅಂದರೆ ೯೬೫ ಮಿಲಿಮೀಟರು. ಅದರ ಹೊರಸುತ್ತಳತೆಯು ೧೦೧೫ ಮಿಲಿಮೀಟರು, ಅಂದರೆ ಸುಮಾರು ೪೦ ಅಂಗುಲ. ರಾಟೆಗಳ ಅಂಚಿನ ಮೇಲೆ ಅಳೆದು ೪೦ ಅಂಗುಲ ಬಂದವನು ಅಂಗಡಿಗೆ ಹೋಗಿ ನಲವತ್ತರ ಪಟ್ಟಿಯೆಂದು ಕೇಳಿದರೆ, ಅಂಗಡಿಯವನು ಎ ೪೦ನ್ನು ಕೊಡುವನು. ಅದು ಎರಡಂಗುಲ ಉದ್ದವಾಗಿ, ಡೈನಮೋವನ್ನು ಎಷ್ಟು ಎಳೆದರೂ ಬಿಗಿಯಾಗದು. ತಪ್ಪು ಅಂಗಡಿಯವನದೂ ಅಲ್ಲ, ಪಟ್ಟಿಯದೂ ಅಲ್ಲ. ಒಳಗಿನ ಅಳತೆಯೋ ಹೊರಗಿನದೋ ಎಂದು ಹೇಳದುದೇ ತಪ್ಪು. ಆದುದರಿಂದ ಅಂಗಡಿಯಲ್ಲಿ ವರ್ಗ, ಉದ್ದ, ಉದ್ದವು ಒಳಗಿನದೋ ಹೊರಗಿನದೋ ಎಂಬ ಮೂರನ್ನೂ ಹೇಳಿ ಕೇಳತಕ್ಕದ್ದು.

ಹಾಕುವುದಕ್ಕೆ ಮೊದಲು

ಹೊಸ ಪಟ್ಟಿಯು ಬೇಗ ಹಾಳಾಗುವುದಕ್ಕೆ ರಾಟೆಗಳೂ ಕಾರಣವಾಗಿರಬಹುದು. ತೋಡಿನ ಗೋಡೆಗಳು ನೇರವಾಗಿರದೆ ಒಳಕ್ಕೆ ಸವೆದು ಬಳುಕಿದ್ದರೆ ಆ ರಾಟೆಯನ್ನು ಬದಲಾಯಿಸುವುದೇ ಲೇಸು. ಅಂಚಿನಲ್ಲಿ ಸೀಳಾಗಲಿ ಮುಕ್ಕಾಗಲಿ ಇದ್ದರೆ ಅದು ಪಟ್ಟಿಯನ್ನು ಗರಗಸದಂತೆ ಕೊಯ್ಯುವುದು. ನೇರವಾದ ಅಳತೆಗೋಲನ್ನು ರಾಟೆಗಳ ಮುಖಕ್ಕೆ ಇಟ್ಟು, ಎಲ್ಲಾ ತೋಡುಗಳೂ ಒಂದೇ ಸಾಲಿನಲ್ಲಿರುವುವೇ ಎಂದು ನೋಡತಕ್ಕದ್ದು. ಒಂದು ಕಡೆ ಮಾತ್ರ ಸವೆದ ಹಳೆಯ ಪಟ್ಟಿಯು ರಾಟೆಗಳು ಸಾಲು ತಪ್ಪಿರುವುದಕ್ಕೆ ಸಾಕ್ಷಿ. ಪಂಪಿನ ಅಥವಾ ಡೈನಮೋವಿನ ರಾಟೆಯನ್ನು ಕೈಯಿಂದ ಅಲುಗಿಸಿದಾಗ ಅಲ್ಲಾಡುತ್ತಿದ್ದರೆ ಬೇರಿಂಗು ಸವೆದಿರುವುದು. ಅದನ್ನು ಸರಿಪಡಿಸದೆ ಎಷ್ಟು ಪಟ್ಟಿಗಳನ್ನು ಹಾಕಿದರೂ ಪ್ರಯೋಜನವಿಲ್ಲ. ಎಣ್ಣೆ ಸೋರುತ್ತಿದ್ದರೆ ಅದನ್ನೂ ಮೊದಲು ನಿಲ್ಲಿಸಬೇಕು.

ಹಾಕುವ ಕ್ರಮ ಮತ್ತು ಬಿಗಿ

ಬೋಲ್ಟುಗಳನ್ನು ಸಡಿಲಿಸಿ ಡೈನಮೋವನ್ನು ಒಳಕ್ಕೆ ತಳ್ಳಿದ ಮೇಲೆ ಪಟ್ಟಿಯು ಕೈಯಿಂದಲೇ ರಾಟೆಯ ಮೇಲೆ ಹತ್ತಬೇಕು. ಸ್ಕ್ರೂಡ್ರೈವರಿನಿಂದಲೋ ಹಾರೆಯಿಂದಲೋ ಮೀಟಿ ಹತ್ತಿಸಿದರೆ ಒಳಗಿನ ಹುರಿಗಳು ತುಂಡಾಗುವುವು. ಹೊರಗೆ ಏನೂ ಕಾಣದಿದ್ದರೂ ಪಟ್ಟಿಯು ಕೆಲವೇ ದಿನಗಳಲ್ಲಿ ಮಗುಚಿಕೊಳ್ಳುವುದು ಅಥವಾ ಹರಿಯುವುದು.

ಬಿಗಿಯು ಎಷ್ಟಿರಬೇಕೆಂಬುದನ್ನು ಯಂತ್ರದ ಪುಸ್ತಕದಲ್ಲಿ ನೋಡಿ ತಿಳಿಯತಕ್ಕದ್ದು. ಪುಸ್ತಕವಿಲ್ಲದಿದ್ದಲ್ಲಿ, ಎರಡು ರಾಟೆಗಳ ನಡುವೆ ಅತ್ಯಂತ ಉದ್ದವಾಗಿರುವ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಪಟ್ಟಿಯು ಸುಮಾರು ಅರ್ಧ ಅಂಗುಲ ಬಾಗಿದರೆ ಸರಿಯೆಂದು ತಿಳಿಯಬಹುದು. ಸಡಿಲವಾದರೆ ಜಾರಿ ಕಿರುಚುವುದು. ಅತಿ ಬಿಗಿಯಾದರೆ ಪಂಪಿನ ಮತ್ತು ಡೈನಮೋವಿನ ಬೇರಿಂಗುಗಳನ್ನು ತಿನ್ನುವುದು. ಪಟ್ಟಿಯನ್ನು ಉಳಿಸಲು ಹೋಗಿ ಪಂಪನ್ನು ಕಳೆದುಕೊಂಡಂತಾಗುವುದು. ಹೊಸ ಪಟ್ಟಿಯು ಮೊದಲ ಕೆಲವು ಗಂಟೆಗಳ ಓಟದಲ್ಲಿಯೇ ಹೆಚ್ಚಾಗಿ ಹಿಗ್ಗುವುದು. ಆದುದರಿಂದ ಮೊದಲ ದಿನದ ಕೆಲಸವಾದ ಮೇಲೆ ಇಂಜಿನನ್ನು ನಿಲ್ಲಿಸಿ ಮತ್ತೊಮ್ಮೆ ಬಿಗಿಯನ್ನು ನೋಡುವುದು ಅವಶ್ಯಕ. ಕಿರುಚುವ ಪಟ್ಟಿಗೆ ಸಾಬೂನು, ರಾಳ, ಎಣ್ಣೆಗಳನ್ನು ಹಚ್ಚುವ ಪದ್ಧತಿಯನ್ನು ಬಿಡತಕ್ಕದ್ದು. ಅದು ಕಾರಣವನ್ನು ಮುಚ್ಚುವುದೇ ಹೊರತು ನಿವಾರಿಸುವುದಿಲ್ಲ.

ಒಂದೇ ರಾಟೆಯ ಮೇಲೆ ಎರಡು ಮೂರು ಪಟ್ಟಿಗಳು ಜೊತೆಯಾಗಿ ಓಡುವ ಯಂತ್ರಗಳುಂಟು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬಳಕೆಯಲ್ಲಿರುವ ಪವರ್ ಟಿಲ್ಲರುಗಳಲ್ಲಿ ಇಂಜಿನಿನ ಶಕ್ತಿಯು ಹೀಗೆಯೇ ಹಿಂದಕ್ಕೆ ಸಾಗುವುದು. ಇವುಗಳಲ್ಲಿ ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ, ಒಂದೇ ತಯಾರಕರ ಒಂದೇ ಉದ್ದದವುಗಳಿಂದ ಬದಲಾಯಿಸಬೇಕು. ಹಿಗ್ಗಿದ ಹಳೆಯದರ ಜೊತೆಗೆ ಹೊಸದೊಂದನ್ನು ಹಾಕಿದರೆ ಭಾರವೆಲ್ಲವೂ ಹೊಸದರ ಮೇಲೆಯೇ ಬೀಳುವುದು. ಎತ್ತಿನ ಜೋಡಿಯಲ್ಲಿ ಒಂದೇ ಎಳೆದಂತಾಗುವುದು.

ಪಟ್ಟಿಯು ಹರಿದಾಗ ಮಾಡಬೇಕಾದುದು

ಇಂಜಿನನ್ನು ಕೂಡಲೆ ನಿಲ್ಲಿಸಬೇಕು. ಹೊಲದ ಅಂಚಿನವರೆಗಾದರೂ ಹೋಗೋಣವೆಂಬ ಆಸೆಯೇ ಮೇಲ್ಮುಚ್ಚಳವನ್ನು ಕೆಡಿಸುವುದು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಲೇಬಾರದು. ಒಳಗೆ ಒತ್ತಡದಲ್ಲಿರುವ ನೀರು ಚಿಮ್ಮಿ ಮುಖವನ್ನೂ ಕಣ್ಣನ್ನೂ ಸುಡುವುದು. ಕಾದ ಇಂಜಿನಿಗೆ ತಣ್ಣೀರನ್ನು ಸುರಿದರೆ ಎರಕದ ಭಾಗಗಳು ಬಿರಿಯಬಹುದು.

ಪಟ್ಟಿಯನ್ನು ನೋಡುವಾಗಲಾಗಲಿ ಮುಟ್ಟುವಾಗಲಾಗಲಿ ಇಂಜಿನು ನಿಂತಿರಬೇಕು, ಕೀಲಿಯು ಮುಟ್ಟುವವನ ಜೇಬಿನಲ್ಲಿಯೇ ಇರಬೇಕು. ಪಟ್ಟಿಯು ರಾಟೆಯನ್ನು ಸೇರುವ ಸ್ಥಳದಲ್ಲಿ ಬೆರಳು ಸಿಕ್ಕಿದರೆ ಉಳಿಯದು. ಧೋತ್ರದ ಅಂಚು, ಹೆಗಲ ಮೇಲಿನ ಟವೆಲು, ಸೀರೆಯ ಸೆರಗು, ಬಿಚ್ಚಿದ ಕೂದಲು ಇವು ಕ್ಷಣಮಾತ್ರದಲ್ಲಿ ಸುತ್ತಿಕೊಳ್ಳುವುವು. ಒಕ್ಕಣೆಯ ಕಣದಲ್ಲಿ ಮಕ್ಕಳು ಪಟ್ಟಿಯ ಬಳಿಗೆ ಹೋಗದಂತೆ ತಗಡಿನ ಮರೆಯನ್ನು ಕಟ್ಟಿರಬೇಕು. ಪಟ್ಟಿಯನ್ನು ಬದಲಾಯಿಸಲು ತೆಗೆದ ಮರೆಯನ್ನು ಮತ್ತೆ ಕಟ್ಟದೆ ಯಂತ್ರವನ್ನು ಚಾಲೂ ಮಾಡಬಾರದು.

ಮುಂಚಿತವಾಗಿ ಮಾಡಿಡಬೇಕಾದುದು

ಬೇಸಗೆಯಲ್ಲಿ ಯಂತ್ರಕ್ಕೆ ಬಿಡುವಿರುವಾಗ ಮೇಲೆ ಹೇಳಿದ ಅಳತೆಗಳನ್ನು ತೆಗೆದು, ತೋಡಿನ ಅಗಲ, ಪಟ್ಟಿಯ ವರ್ಗ, ಹೊರಸುತ್ತಳತೆ, ಇಂಜಿನಿನ ಸಂಖ್ಯೆ, ತಯಾರಾದ ವರ್ಷ ಇಷ್ಟನ್ನೂ ಒಂದು ಪುಸ್ತಕದಲ್ಲಿಯೂ, ಅಳಿಯದ ಬಣ್ಣದಿಂದ ಟ್ರ್ಯಾಕ್ಟರಿನ ಉಪಕರಣದ ಪೆಟ್ಟಿಗೆಯ ಒಳಮುಚ್ಚಳದ ಮೇಲೆಯೂ ಬರೆಯತಕ್ಕದ್ದು. ಅಳತೆಗೆ ತಕ್ಕ ಪಟ್ಟಿಯನ್ನು ತಂದು, ಒಮ್ಮೆ ಹಾಕಿ ನೋಡಿ, ಸರಿಯಾದುದೆಂದು ಖಚಿತವಾದ ಮೇಲೆ ಅಂತಹುದೇ ಇನ್ನೊಂದನ್ನು ಶೇಖರದಲ್ಲಿಡಬೇಕು. ಹಾಕಿ ನೋಡದ ಪಟ್ಟಿಯನ್ನು ಶೇಖರದಲ್ಲಿಟ್ಟರೆ ಅದು ಧೈರ್ಯವನ್ನು ಕೊಡುವುದೇ ಹೊರತು ಸಮಯಕ್ಕೆ ಒದಗುವುದಿಲ್ಲ. ಶೇಖರದ ಪಟ್ಟಿಯನ್ನು ಬಿಸಿಲು, ಡೀಸಲು, ಇಲಿಗಳಿಂದ ದೂರವಾಗಿ, ಅಗಲವಾದ ಮರದ ಗೂಟದ ಮೇಲೆ ತೂಗುಹಾಕಬೇಕು. ಮೊಳೆಗೆ ಸಿಕ್ಕಿಸಿದರೆ ಆ ಒಂದೇ ಸ್ಥಳದಲ್ಲಿ ಹುರಿಯು ಮುರಿದುಕೊಳ್ಳುವುದು. ಅಂಚು ಬಿರಿದ, ಪದರ ಬಿಚ್ಚಿದ, ಪಕ್ಕಗಳು ಗಾಜಿನಂತೆ ಹೊಳೆಯುವ ಪಟ್ಟಿಯನ್ನು ಹರಿಯುವವರೆಗೆ ಕಾಯದೆ ಬಿತ್ತನೆಗೆ ಮೊದಲೇ ತೆಗೆಯಬೇಕು.

ಒಂದು ಟ್ರ್ಯಾಕ್ಟರು ಒಬ್ಬನ ಸ್ವತ್ತಾಗಿದ್ದರೂ ಅದರ ದುಡಿಮೆಯು ಒಬ್ಬನದಲ್ಲ. ಎತ್ತುಗಳನ್ನು ಮಾರಿಕೊಂಡ ಸಣ್ಣ ಹಿಡುವಳಿದಾರರು ಬಾಡಿಗೆಯ ಯಂತ್ರವನ್ನೇ ನಂಬಿರುವರು. ಅದು ಮೂರು ದಿನ ನಿಂತರೆ ಸರದಿಯಲ್ಲಿ ಕಡೆಯವನಾದ ಬಡವನ ಹೊಲವೇ ಬಿತ್ತನೆಯಿಲ್ಲದೆ ಉಳಿಯುವುದು. ಆದುದರಿಂದ ಗ್ರಾಮದ ಮುಖ್ಯಸ್ಥರು ಬೇಸಗೆಯಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಊರಿನ ಯಂತ್ರಗಳ ಒಡೆಯರನ್ನೂ ಚಾಲಕರನ್ನೂ ಒಂದೆಡೆ ಸೇರಿಸಿ, ಪ್ರತಿಯೊಂದು ಯಂತ್ರದ ಪಟ್ಟಿಯನ್ನೂ ಅಳೆಯಿಸಿ, ಆ ಅಳತೆಗಳ ತಃಖ್ತೆಯೊಂದನ್ನು ಎಲ್ಲರಿಗೂ ಕಾಣುವ ಸ್ಥಳದಲ್ಲಿ ಇರಿಸಿದರೆ ಬಹಳ ಅನುಕೂಲವಾಗುವುದು. ಎರಡು ಯಂತ್ರಗಳಿಗೆ ಒಂದೇ ಅಳತೆಯೆಂದು ಅದರಿಂದ ಗೊತ್ತಾದರೆ, ಒಬ್ಬನ ಶೇಖರದ ಪಟ್ಟಿಯು ಇನ್ನೊಬ್ಬನ ಆಪತ್ತಿಗೆ ಒದಗುವುದು. ಇದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ, ಒಂದು ಸ್ಪ್ಯಾನರು ಮತ್ತು ಅರ್ಧ ದಿನದ ಬಿಡುವು. ಹದವು ಬಂದ ಮೇಲೆ ಆ ಅರ್ಧ ದಿನವು ಯಾರಿಗೂ ದೊರೆಯಲಾರದು.